ಮಾತೆ, ಕನ್ಯೆ, ತರುಣ: ಇಟಲಿಯ ಧಾರ್ಮಿಕ ಚಿತ್ರಗಳಲ್ಲಿ ಹೆಣ್ಣು ಗಂಡಿನ ಕಲ್ಪನೆ



ಈ ದತ್ತಿ ಉಪನ್ಯಾಸಕ್ಕೆ ನಾನು ಆಯ್ದುಕೊಂಡ ವಿಷಯ ಇಟಲಿಯದು. ಸುಮಾರು 1400ರಿಂದ 1700ರವರೆಗಿನ ಮುನ್ನೂರು ವರ್ಷಗಳಲ್ಲಿ ಆ ದೇಶದ ಚಿತ್ರಕಾರರೂ ಶಿಲ್ಪಿಗಳೂ ದೇವಾಲಯಗಳಿಗೆ, ಮಠಗಳಿಗೆ, ಮನೆಗಳಿಗೆ ಮಾಡಿಕೊಟ್ಟ ಧಾರ್ಮಿಕ ಚಿತ್ರಗಳಲ್ಲಿ ಹೆಣ್ಣು ಹೇಗೆ ಕಾಣುತ್ತಾಳೆ, ಗಂಡು ಹೇಗೆ ಕಾಣುತ್ತಾನೆ ಎಂಬುದು ನನ್ನ ಪ್ರಶ್ನೆ.

ಅಷ್ಟು ದೂರದ ಸಂಗತಿಯನ್ನು ಪುತ್ತೂರಿನಲ್ಲಿ ಏಕೆ ಮಾತಾಡಬೇಕು ಎಂದು ಯಾರಾದರೂ ಕೇಳಬಹುದು. ಆ ಚಿತ್ರಲೋಕ ನಮ್ಮ ನಡುವೆ ಬಂದು ನೆಲೆಸಿ ಬಹಳ ಕಾಲವಾಯಿತು ಎಂಬುದೇ ನನ್ನ ಉತ್ತರ. ಈ ಪೇಟೆಯ ಹಳೆಯ ಇಗರ್ಜಿಯ ಹೆಸರು ಮಾಯ್ ದೆ ದೇವುಸ್. ಅದು ದೇವಮಾತೆಗೆ ಅರ್ಪಿತವಾದದ್ದು. ಇಲ್ಲಿನ ದರ್ಬೆಯಲ್ಲಿ 1958ರಲ್ಲಿ ಆರಂಭವಾದ ಕಾಲೇಜಿಗೆ ಇರುವುದು ರೋಮಿನ ನೆಲದಡಿಯಲ್ಲಿ ಅವಶೇಷ ಸಿಕ್ಕಿದ ಸಂತ ಫಿಲೋಮಿನಾಳ ಹೆಸರು. ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯದ ಗೋಡೆ, ಛಾವಣಿಗಳನ್ನು ಇಟಲಿಯಿಂದ ಬಂದ ಒಬ್ಬ ಚಿತ್ರಕಾರ ತನ್ನ ಕೈಯಾರೆ ತುಂಬಿದ್ದಾನೆ. ಪುತ್ತೂರಿನ ಬಾಲವನದಲ್ಲಿ ದಶಕಗಳ ಕಾಲ ಬಾಳಿದ ಶಿವರಾಮ ಕಾರಂತರು ಯುರೋಪನ್ನು ಸುತ್ತಿ ಬಂದು 'ಅಪೂರ್ವ ಪಶ್ಚಿಮ'ವನ್ನು ಬರೆದರು, ಲೋಕದ ಕಲೆಯನ್ನು 'ಕಲಾಪ್ರಪಂಚ'ದಲ್ಲಿ ಕನ್ನಡಿಗರ ಮುಂದಿಟ್ಟರು. ಅವರು ಹಾಕಿದ ದಾರಿಯಲ್ಲೇ ನಾನು ನಾಲ್ಕು ಹೆಜ್ಜೆ ನಡೆಯುತ್ತೇನೆ.

ಮೊದಲು ಮಾತೆಯ ರೂಪ, ಆಮೇಲೆ ಕನ್ಯೆಯ ರೂಪ, ಮೂರನೆಯದಾಗಿ ತರುಣನ ರೂಪ, ಕೊನೆಯಲ್ಲಿ ಚಿತ್ರ ಬರೆಯುವ ಕೈ ಯಾರದು, ದೈವವನ್ನು ಹೊರುವ ಮೈ ಯಾರದು ಎಂಬ ಪ್ರಶ್ನೆ. ಮತತತ್ತ್ವದ ಸರಿ ತಪ್ಪುಗಳಿಗೆ ನಾನು ಕೈ ಹಾಕುವುದಿಲ್ಲ. ಭಕ್ತರ ಭಕ್ತಿಗೆ ಪೂರ್ಣ ಗೌರವವಿಟ್ಟುಕೊಂಡೇ ಮಾತಾಡುತ್ತೇನೆ.

ವಿಷಯ ಪ್ರವೇಶಕ್ಕೆ ಒಂದು ಹಳೆಯ ಸಾಕ್ಷ್ಯವನ್ನು ಮುಂದಿಡುತ್ತೇನೆ. ಹದಿನೈದನೆಯ ಶತಮಾನದ ಆರಂಭದಲ್ಲಿ ಫ್ಲಾರೆನ್ಸಿನ ಜೊವಾನ್ನಿ ದೊಮಿನಿಚಿ ಎಂಬ ದೊಮಿನಿಕನ್ ಸನ್ಯಾಸಿ ಗೃಹಿಣಿಯೊಬ್ಬಳಿಗಾಗಿ ಸಂಸಾರ ನಿರ್ವಹಣೆಯ ಗ್ರಂಥವೊಂದನ್ನು ಬರೆದ. ಮನೆಯಲ್ಲಿ ಮಕ್ಕಳ ಕಣ್ಣಿಗೆ ಬೀಳುವಂತೆ ಸಂತರ ಚಿತ್ರಗಳನ್ನು ಇಡಬೇಕು ಎಂಬುದು ಅವನ ಸಲಹೆ. ಗಂಡುಮಕ್ಕಳಿಗೆ ಬಾಲ ಯೇಸು, ಒಂಟೆಯ ರೋಮದ ಉಡುಗೆ ತೊಟ್ಟು ಕಾಡಿಗೆ ನಡೆದ ಬಾಲ ಯೊವಾನ್ನ. ಹೆಣ್ಣುಮಕ್ಕಳಿಗೆ ಕುರಿಮರಿ ಹಿಡಿದ ಆಗ್ನೆಸ್, ಗುಲಾಬಿ ಮುಡಿದ ಸಿಸಿಲಿಯಾ. ಎಳೆಯ ವಯಸ್ಸಿನಿಂದಲೇ ಹುಡುಗಿಯ ಮನಸ್ಸಿಗೆ ಕನ್ಯಾವ್ರತವೂ ಪ್ರಾರ್ಥನೆಯೂ ಹತ್ತಬೇಕು, ಹುಡುಗ ತನ್ನನ್ನು ಚಿತ್ರದ ಹುಡುಗನಲ್ಲಿ ಕಾಣಬೇಕು ಎಂಬುದು ಅವನ ಉದ್ದೇಶ.

ಅಂದರೆ ಧಾರ್ಮಿಕ ಚಿತ್ರಕ್ಕೆ ಪೂಜೆಯ ಕೆಲಸದ ಜೊತೆಗೆ ಇನ್ನೊಂದು ಕೆಲಸವೂ ಇತ್ತು. ಹೆಣ್ಣು ಹೀಗಿರಬೇಕು, ಗಂಡು ಹೀಗಿರಬೇಕು ಎಂದು ಅದು ಪಾಠ ಹೇಳುತ್ತಿತ್ತು. ಆದರೆ ಪಾಠ ಹೇಳುವವರು ಉದ್ದೇಶಿಸಿದ್ದನ್ನೇ ನೋಡುವವರು ಕಲಿಯುತ್ತಾರೆ ಎಂಬ ಖಾತ್ರಿ ಎಂದೂ ಇರಲಿಲ್ಲ. ಇಂದಿನ ನನ್ನ ಮಾತಿನ ತಿರುಳು ಇಷ್ಟೆ: ಚಿತ್ರ ಕಟ್ಟಳೆಯನ್ನು ಕಲಿಸುತ್ತದೆ, ಅದೇ ಚಿತ್ರ ಕಟ್ಟಳೆಯನ್ನು ಮೀರುವ ದಾರಿಯನ್ನೂ ತೋರಿಸುತ್ತದೆ.

ಈಗ ಮೊದಲನೆಯ ವಿಷಯಕ್ಕೆ ಬರುತ್ತೇನೆ, ಮಾತೆಯ ರೂಪಕ್ಕೆ.

ಇಟಲಿಯಲ್ಲಿ ಯೇಸುವಿನ ತಾಯಿ ಮರಿಯಳಷ್ಟು ಹೆಚ್ಚು ಸಲ ಚಿತ್ರಿತಳಾದ ಹೆಣ್ಣು ಇನ್ನೊಬ್ಬಳಿಲ್ಲ. ಚಿನ್ನದ ಹಿನ್ನೆಲೆಯಲ್ಲಿ ಸಿಂಹಾಸನವೇರಿ ಕುಳಿತ ರಾಣಿಯಾಗಿದ್ದ ಅವಳನ್ನು ಚಿತ್ರಕಾರರು ಮೆಲ್ಲಮೆಲ್ಲನೆ ಮನೆಯೊಳಗೆ ತಂದರು. ವೆನಿಸಿನ ಜೊವಾನ್ನಿ ಬೆಲ್ಲೀನಿ ಬರೆದ ತಾಯಂದಿರನ್ನು ನೋಡಿ. ಮಗು ಮಡಿಲಲ್ಲಿದ್ದರೂ ತಾಯಿಯ ಮುಖದಲ್ಲಿ ನಗುವಿಲ್ಲ. ಮುಂದೆ ಆ ಮಗನಿಗೆ ಒದಗಲಿರುವ ಸಾವು ಅವಳಿಗೆ ಆಗಲೇ ಗೊತ್ತಿದೆ. ಆ ಸಾವನ್ನು ಕನ್ನಡದಲ್ಲಿ ಕಾವ್ಯವಾಗಿಸಿದವರು ನಮ್ಮ ನೆರೆಯ ಮಂಜೇಶ್ವರದ ಗೋವಿಂದ ಪೈಗಳು, ತಮ್ಮ 'ಗೊಲ್ಗೊಥಾ'ದಲ್ಲಿ.

ಹದಿನೈದನೆಯ ಶತಮಾನದ ನಡುವಿನಲ್ಲಿ ಪಿಯೆರೊ ದೆಲ್ಲ ಫ್ರಾಂಚೆಸ್ಕಾ ಟಸ್ಕನಿಯ ಮೊಂತೆರ್ಕಿಯಲ್ಲಿ ಬರೆದ ಚಿತ್ರ ಇನ್ನೂ ಅಪರೂಪದ್ದು. ಅಲ್ಲಿ ಮರಿಯ ತುಂಬು ಗರ್ಭಿಣಿ. ಇಬ್ಬರು ದೇವದೂತರು ಗುಡಾರದ ಪರದೆಯನ್ನು ಎರಡು ಬದಿಗೆ ಎತ್ತಿ ಹಿಡಿದಿದ್ದಾರೆ. ಅವಳ ಒಂದು ಕೈ ನಿಲುವಂಗಿಯ ಬಿಚ್ಚಿದ ಸೀಳಿನ ಬಳಿ, ಹೊಟ್ಟೆಯ ಮೇಲಿದೆ. ಆ ಸೀಮೆಯ ಹೆಂಗಸರು ಸುಖಪ್ರಸವಕ್ಕಾಗಿ ಅವಳ ಮುಂದೆ ಬಂದು ಬೇಡಿಕೊಳ್ಳುತ್ತಿದ್ದರು. ಹೆರಿಗೆಯಲ್ಲಿ ತಾಯಿಯೋ ಮಗುವೋ ಉಳಿಯದಿರುವುದು ಸಾಮಾನ್ಯವಾಗಿದ್ದ ಕಾಲವದು. ಧರ್ಮಗುರುಗಳಿಗೆ ಆ ಚಿತ್ರ ದೇವರ ಅವತಾರದ ಗೂಢವನ್ನು ಹೇಳಿರಬಹುದು. ಬಸುರಿಯರಿಗೆ ಅದು ತಮ್ಮ ಭಯವನ್ನು ಅರಿತ ಒಬ್ಬ ಹೆಣ್ಣಿನ ಮುಖವಾಗಿತ್ತು.

ಈ ಮಾತೆಯ ಚಿತ್ರ ಸಮುದ್ರ ದಾಟಿ ಭಾರತಕ್ಕೆ ಬಂದದ್ದಕ್ಕೂ ಸ್ಪಷ್ಟ ದಾಖಲೆ ಇದೆ. ರೋಮಿನ ಸಾಂತಾ ಮರಿಯಾ ಮಜ್ಜೊರೆ ದೇವಾಲಯದ ಪ್ರಾಚೀನ ಮರಿಯಾ ಚಿತ್ರದ ಪ್ರತಿ ತೆಗೆಯಲು 1569ರಲ್ಲಿ ಯೇಸುಸಭೆ ಎಂಬ ಸನ್ಯಾಸಿ ಸಂಘದ ಮಹಾಧಿಪತಿ ಫ್ರಾನ್ಸಿಸ್ ಬೋರ್ಜಿಯ ಅನುಮತಿ ಪಡೆದ. ಅದರ ಪ್ರತಿಗಳು ಲೋಕದ ಮೂಲೆಮೂಲೆಗೆ ಹೋದವು. 1580ರಲ್ಲಿ ಅದೇ ಸಭೆಯ, ಇಟಲಿಯ ರೊದೊಲ್ಫೊ ಅಕ್ವವೀವ ಮತ್ತು ಸಂಗಡಿಗರು ಅಕ್ಬರನ ಆಸ್ಥಾನಕ್ಕೆ ಬಂದಾಗ ಅಂಥ ಒಂದು ಪ್ರತಿ ಅವರ ಜೊತೆಗಿತ್ತು. ಮೊಘಲ್ ಚಿತ್ರಕಾರರು ಮಾತೆ ಮಗುವಿನ ರೂಪವನ್ನು ಬಹುಬೇಗ ತಮ್ಮದಾಗಿಸಿಕೊಂಡರು.

ಮಾತೆ ಎಷ್ಟರ ಮಟ್ಟಿಗೆ ಮನುಷ್ಯಳಾಗಬಹುದು ಎಂಬುದಕ್ಕೆ ಒಂದು ಎಲ್ಲೆ ಇತ್ತು. ಚಿತ್ರಕಾರ ಕಾರವಾಜ್ಜೊ ಹದಿನೇಳನೆಯ ಶತಮಾನದ ಮೊದಲ ವರ್ಷಗಳಲ್ಲಿ ರೋಮಿನ ಒಂದು ಕಾರ್ಮೆಲ್ ಮಠದ ದೇವಾಲಯಕ್ಕಾಗಿ ಮರಿಯಳ ಮರಣವನ್ನು ಬರೆದ. ಅವನ ಮರಿಯ ಹಾಸಿಗೆಯ ಮೇಲೆ ಬಿದ್ದ ಒಂದು ಶವ. ಮೈ ಊದಿದೆ, ಪಾದಗಳು ಬರಿದಾಗಿವೆ, ಸ್ವರ್ಗದಿಂದ ಇಳಿದು ಬರುವ ದೂತರು ಯಾರೂ ಇಲ್ಲ. ಮಠದವರು ಚಿತ್ರವನ್ನು ಬೇಡವೆಂದರು. ಚಿತ್ರಕಾರ ರೂಬೆನ್ಸನ ಸಲಹೆಯಂತೆ ಮಾಂತುವಾದ ದೊರೆ ವಿಂಚೆಂಜೊ ಗೊಂಜಾಗ ಅದನ್ನು ಕೊಂಡ. ಇಂದು ಅದು ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ಬಡ ಹೆಂಗಸೊಬ್ಬಳ ಸಾವನ್ನು ದೇವಮಾತೆಯ ಸಾವೆಂದು ಒಪ್ಪಲು ಮಠ ಸಿದ್ಧವಿರಲಿಲ್ಲ. ಗೊಂಜಾಗ ಎಂಬ ಮನೆತನದ ಹೆಸರನ್ನು ದಯವಿಟ್ಟು ನೆನಪಿನಲ್ಲಿಡಿ, ಅದು ಮತ್ತೆ ಬರುತ್ತದೆ.

ಇನ್ನು ಎರಡನೆಯ ವಿಷಯ, ಕನ್ಯೆಯ ರೂಪ.

ಪ್ರಾಚೀನ ರೋಮಿನಲ್ಲಿ ಮದುವೆಯನ್ನು ನಿರಾಕರಿಸಿ, ವಿಶ್ವಾಸಕ್ಕಾಗಿ ಪ್ರಾಣಕೊಟ್ಟ ತರುಣಿಯರು ಕ್ರೈಸ್ತ ಪರಂಪರೆಯಲ್ಲಿ ರಕ್ತಸಾಕ್ಷಿಗಳಾದರು. ಚಿತ್ರಕಾರ ಅವರನ್ನು ತೋರಿಸುವಾಗ ಒಂದು ಇಕ್ಕಟ್ಟು ಎದುರಾಗುತ್ತದೆ. ಮೈಮೇಲಿನ ಹಿಂಸೆಯನ್ನು ತೋರದೆ ಅವಳ ಧೈರ್ಯವನ್ನು ತೋರಿಸುವುದು ಕಷ್ಟ. ಹಿಂಸೆಯನ್ನು ತೋರಹೋದರೆ ಅವಳ ಮೈಯೇ ನೋಟಕ್ಕೆ ಸರಕಾಗುತ್ತದೆ. ಸೆಬಾಸ್ತಿಯಾನೊ ದೆಲ್ ಪಿಯೊಂಬೊ 1520ರಲ್ಲಿ ಬರೆದ ಸಂತ ಅಗಾಥಳ ಚಿತ್ರದಲ್ಲಿ ಈ ಇಕ್ಕಟ್ಟು ಎದ್ದು ಕಾಣುತ್ತದೆ. ಅವಳ ಸ್ತನಗಳನ್ನು ಇಕ್ಕಳದಿಂದ ಹಿಂಡುವ ಆ ದೃಶ್ಯವನ್ನು ಬರೆದದ್ದು ಒಬ್ಬ ಕಾರ್ಡಿನಲನಿಗಾಗಿ. ಅಲ್ಲಿ ಭಕ್ತಿಯೂ ಕಾಮವೂ ಒಂದೇ ಚೌಕಟ್ಟಿನಲ್ಲಿ ಬೆರೆತಿವೆ.

ಇದಕ್ಕೆ ಎದುರಾಗಿ ಸ್ತೆಫಾನೊ ಮದೆರ್ನೊ 1600ರಲ್ಲಿ ಕಡೆದ ಸಂತ ಸಿಸಿಲಿಯಾಳ ಅಮೃತಶಿಲೆಯ ಪ್ರತಿಮೆಯನ್ನು ಇಡುತ್ತೇನೆ. ಅದಕ್ಕೆ ಹಿಂದಿನ ವರ್ಷವಷ್ಟೇ ರೋಮಿನ ಅವಳ ದೇವಾಲಯದಲ್ಲಿ ಅವಳದೆಂದು ನಂಬಲಾದ ದೇಹ ಸಿಕ್ಕಿತ್ತು. ಪ್ರತಿಮೆಯಲ್ಲಿ ಅವಳು ಮಗ್ಗುಲಾಗಿ ಮಲಗಿದ್ದಾಳೆ. ಮೈತುಂಬ ಬಟ್ಟೆ. ಮುಖವನ್ನು ನಮ್ಮಿಂದ ಆಚೆಗೆ ತಿರುಗಿಸಿದ್ದಾಳೆ. ಕತ್ತಿನ ಮೇಲೊಂದು ಸಣ್ಣ ಗಾಯ. ನೋಡುವವನಿಗೆ ಮುಖವನ್ನೂ ಕೊಡದೆ ಆಕೆ ತನ್ನ ಮರಣವನ್ನು ತನ್ನದಾಗಿಯೇ ಉಳಿಸಿಕೊಂಡಿದ್ದಾಳೆ. ಕನ್ಯಾ ರಕ್ತಸಾಕ್ಷಿಯ ಪ್ರತಿಮೆಗಳಲ್ಲಿ ಇದಕ್ಕಿಂತ ಘನತೆಯುಳ್ಳದ್ದನ್ನು ನಾನು ಕಾಣೆ.

ಪುತ್ತೂರಿಗೆ ಪರಿಚಿತಳಾದ ಫಿಲೋಮಿನಾಳ ಕಥೆ ಈ ಪರಂಪರೆಯ ಕೊನೆಯ ಕವಲು. 1802ರ ಮೇ ತಿಂಗಳಲ್ಲಿ ರೋಮಿನ ಪ್ರಿಸಿಲ್ಲಾ ನೆಲಮಾಳಿಗೆಯ ಸಮಾಧಿಗಳ ನಡುವೆ ಎಳೆ ಹುಡುಗಿಯೊಬ್ಬಳ ಮೂಳೆಗಳು ಸಿಕ್ಕವು. ಸಮಾಧಿಯನ್ನು ಮುಚ್ಚಿದ್ದ ಮೂರು ಸುಟ್ಟಮಣ್ಣಿನ ಹಲಗೆಗಳ ಮೇಲೆ ಒಂದಿಷ್ಟು ಅಕ್ಷರಗಳು, ಲಂಗರು, ಬಾಣಗಳು, ತಾಳೆಗರಿ, ಹೂವು ಇವುಗಳ ಗುರುತುಗಳು ಇದ್ದವು. ಅಕ್ಷರಗಳನ್ನು ಜೋಡಿಸಿ ಫಿಲೋಮಿನಾ ಎಂಬ ಹೆಸರನ್ನು ಓದಿದರು. 1805ರಲ್ಲಿ ಅವಶೇಷಗಳು ನೇಪಲ್ಸಿನ ಹತ್ತಿರದ ಮುಗ್ನಾನೊ ಊರಿಗೆ ಹೋದವು. 1833ರಲ್ಲಿ ನೇಪಲ್ಸಿನ ಸನ್ಯಾಸಿನಿಯೊಬ್ಬಳಿಗೆ ದರ್ಶನದಲ್ಲಿ ಅವಳ ಚರಿತ್ರೆ ತಿಳಿಯಿತೆಂದು ಪ್ರಸಿದ್ಧವಾಯಿತು: ಅವಳು ರಾಜಕುಮಾರಿ, ಚಕ್ರವರ್ತಿ ಡಯೊಕ್ಲೀಷಿಯನನನ್ನು ಮದುವೆಯಾಗಲು ಒಪ್ಪಲಿಲ್ಲ, ಕೊರಳಿಗೆ ಲಂಗರು ಕಟ್ಟಿ ನದಿಗೆ ಎಸೆದರು, ಬಾಣ ಬಿಟ್ಟರು, ಕೊನೆಗೆ ತಲೆ ಕಡಿದರು.

ಹಲಗೆಯ ಮೇಲಿನ ಒಂದೊಂದು ಗುರುತೂ ಕಥೆಯ ಒಂದೊಂದು ಘಟನೆಯಾದದ್ದನ್ನು ನೀವು ಗಮನಿಸಿರಬಹುದು. ಇತಿಹಾಸದ ಆಧಾರ ಸಾಲದೆಂದು ರೋಮ್ 1961ರಲ್ಲಿ ಅವಳ ಹಬ್ಬವನ್ನು ಪಂಚಾಂಗದಿಂದ ತೆಗೆಯಿತು. ಭಕ್ತಿ ನಿಲ್ಲಲಿಲ್ಲ. ಏಕೆ ನಿಲ್ಲಲಿಲ್ಲ ಎಂಬುದು ನಮಗೆ ಮುಖ್ಯ. ಒಬ್ಬ ಹುಡುಗಿ ಲೋಕದ ಅತಿ ಬಲಶಾಲಿ ಗಂಡಸಿಗೆ ಆಗುವುದಿಲ್ಲ ಎಂದಳು. ಜನರ ಮನಸ್ಸು ಹಿಡಿದದ್ದು ಆ ಒಂದು ಮಾತನ್ನು. ವಿಧೇಯತೆಯನ್ನೂ ಕನ್ಯಾವ್ರತವನ್ನೂ ಕಲಿಸಲು ಹಂಚಿದ ಚಿತ್ರ ನಿರಾಕರಣೆಯ ಪಾಠವನ್ನೂ ಕಲಿಸಿತು. ಅವಳ ಹೆಸರಿನ ಕಾಲೇಜಿನಲ್ಲಿ ಓದಿದ ಈ ಸೀಮೆಯ ಹೆಣ್ಣುಮಕ್ಕಳಿಗೆ ಆ ಪಾಠ ಅಷ್ಟೇ ಸಲ್ಲುತ್ತದೆ ಎಂದು ನಾನು ನಂಬಿದ್ದೇನೆ.

ಈಗ ಮೂರನೆಯ ವಿಷಯಕ್ಕೆ, ತರುಣನ ರೂಪಕ್ಕೆ ಹೋಗೋಣ. ಲಿಂಗದ ಚರ್ಚೆ ಎಂದ ಕೂಡಲೇ ಹೆಣ್ಣಿನ ಮಾತು ಮಾತ್ರ ಎಂದುಕೊಳ್ಳುವ ರೂಢಿ ಇದೆ. ಗಂಡಸುತನವೂ ಕಲಿಸಿ ಕಟ್ಟಿದ್ದೇ.

ಮಂಗಳೂರಿನ ಆ ಪ್ರಾರ್ಥನಾಲಯಕ್ಕೆ ಹೆಸರು ಕೊಟ್ಟ ಅಲೋಶಿಯಸ್ ಗೊಂಜಾಗ 1568ರಲ್ಲಿ ಉತ್ತರ ಇಟಲಿಯ ಕಾಸ್ತಿಲ್ಯೋನೆಯಲ್ಲಿ ಹುಟ್ಟಿದ. ಆಗಲೇ ಹೇಳಿದ ಗೊಂಜಾಗ ಮನೆತನದ ಒಂದು ಕವಲಿಗೆ ಅವನೇ ಹಿರಿಯ ಮಗ, ಸಂಸ್ಥಾನದ ವಾರಸುದಾರ. ಮಗ ಯೋಧನಾಗಬೇಕೆಂದು ತಂದೆ ಫೆರ್ರಾಂತೆಯ ಹಟ. ಐದರ ಆಸುಪಾಸಿನ ವಯಸ್ಸಿನಲ್ಲೇ ಹುಡುಗನನ್ನು ಸೈನ್ಯದ ಬಿಡಾರಕ್ಕೆ ಕರೆದೊಯ್ದರು. ಅಲ್ಲಿ ಅವನು ಸೈನಿಕರ ಮದ್ದು ಕದ್ದು ಪುಟ್ಟ ಫಿರಂಗಿ ಹಾರಿಸಿದ, ಅವರ ಬಯ್ಗುಳ ಕಲಿತ. ಮುಂದೆ ಅದಕ್ಕಾಗಿ ಜೀವಮಾನವಿಡೀ ಪಶ್ಚಾತ್ತಾಪಪಟ್ಟ ಎಂದು ಚರಿತ್ರೆ ಹೇಳುತ್ತದೆ. ಆಮೇಲೆ ಫ್ಲಾರೆನ್ಸಿನ ಮೆದಿಚಿ ಆಸ್ಥಾನದಲ್ಲಿದ್ದಾಗ, ಅಲ್ಲಿನ ಸಾಂತಿಸ್ಸಿಮ ಅನ್ನುನ್ಸಿಯಾತ ದೇವಾಲಯದ ಮರಿಯಾ ಚಿತ್ರದ ಮುಂದೆ ಬ್ರಹ್ಮಚರ್ಯದ ವ್ರತ ತೊಟ್ಟ. ಒಬ್ಬ ಹುಡುಗನ ಬಾಳು ಒಂದು ಚಿತ್ರದ ಎದುರಿನಲ್ಲಿ ತಿರುವು ಪಡೆಯಿತು. 1585ರಲ್ಲಿ ತನ್ನ ಹಕ್ಕನ್ನು ತಮ್ಮನಿಗೆ ಬಿಟ್ಟುಕೊಟ್ಟು ಯೇಸುಸಭೆ ಸೇರಿದ. ರೋಮಿನಲ್ಲಿ ಪಿಡುಗು ಹಬ್ಬಿದಾಗ ರೋಗಿಗಳ ಸೇವೆಗೆ ನಿಂತು, ತಾನೂ ಸೋಂಕಿಗೆ ಸಿಲುಕಿ, 1591ರ ಜೂನ್ 21ರಂದು ತೀರಿಕೊಂಡ. ಆಗ ಅವನಿಗೆ 23 ವರ್ಷ. 1726ರಲ್ಲಿ ಸಂತನೆಂದು ಘೋಷಿತನಾದ.

ಅವನ ಚಿತ್ರಗಳನ್ನು ನೋಡಿ. ಬಾಗಿದ ಕಣ್ಣು, ಮೃದುವಾದ ಮುಖ, ಕೈಯಲ್ಲಿ ಶಿಲುಬೆ, ಬದಿಯಲ್ಲಿ ಬಿಳಿ ಲಿಲ್ಲಿ ಹೂ, ಕಳಚಿಟ್ಟ ಕಿರೀಟ. ಲಿಲ್ಲಿ ಮರಿಯಳ ಹೂವು. ಖಡ್ಗ ಹಿಡಿಯಬೇಕಾಗಿದ್ದವನಿಗೆ ಚಿತ್ರಕಾರರು ಆ ಹೂ ಕೊಟ್ಟರು. ಸಂಸ್ಥಾನದ ಗಂಡು ಎಂದರೆ ಕುದುರೆ, ಯುದ್ಧ, ವಂಶ ಎಂದಿದ್ದ ಕಾಲದಲ್ಲಿ ಶುಶ್ರೂಷೆ ಮಾಡುವ ಗಂಡಸು ಆದರ್ಶನಾದ.

ಮಂಗಳೂರಿಗೆ ಅವನ ಕಥೆಯನ್ನು ಬಣ್ಣದಲ್ಲಿ ತಂದವನು ಅಂತೋನಿಯೊ ಮೊಸ್ಕೇನಿ. 1854ರಲ್ಲಿ ಬೆರ್ಗಮೊ ನಗರದ ಹತ್ತಿರದ ಸ್ತೆಜ್ಜಾನೊದಲ್ಲಿ ಹುಟ್ಟಿ, ಬೆರ್ಗಮೊದ ಕರ್ರಾರ ಅಕಾಡೆಮಿಯಲ್ಲಿ ಕಲಿತು, ಹೆಸರು ಬರುತ್ತಿದ್ದಾಗಲೇ 1889ರಲ್ಲಿ ಯೇಸುಸಭೆಯ ಬ್ರದರ್ ಆದ. 1899ರಿಂದ 1901ರವರೆಗೆ ಅಲೋಶಿಯಸ್ ಪ್ರಾರ್ಥನಾಲಯದಲ್ಲಿ ಹಸಿಗಾರೆಯ ಮೇಲೆ ಫ್ರೆಸ್ಕೊಗಳನ್ನೂ ಕ್ಯಾನ್ವಾಸಿನ ಮೇಲೆ ತೈಲಚಿತ್ರಗಳನ್ನೂ ಬರೆದ. ನಮ್ಮ ಕರಾವಳಿಯ ಸೆಕೆ, ತೇವಗಳಲ್ಲಿ ಆ ಕೆಲಸ ಎಷ್ಟು ಕಷ್ಟವೆಂದು ಇಲ್ಲಿನ ಮಳೆಗಾಲ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. 1905ರಲ್ಲಿ ಕೊಚ್ಚಿಯಲ್ಲಿ ಅವನು ತೀರಿಕೊಂಡ.

ಅವನು ಕಲಿತ ಅಕಾಡೆಮಿಯ ಸಂಗ್ರಹದಲ್ಲಿ ಬೆಲ್ಲೀನಿ, ಮಾಂತೆಞರ ಮಾತೆಯರಿದ್ದಾರೆ. ರಾಫೆಲ್ ಎಳೆವಯಸ್ಸಿನಲ್ಲಿ ಬರೆದ ಸಂತ ಸೆಬಾಸ್ಟಿಯನನೂ ಇದ್ದಾನೆ. ಬಾಣಗಳಿಗೆ ಗುರಿಯಾದ ಸೈನಿಕ ಸಂತನನ್ನು ಬಹುತೇಕ ಚಿತ್ರಕಾರರು ಬರಿಮೈಯಲ್ಲಿ ತೋರಿಸಿದರೆ, ರಾಫೆಲನ ಸೆಬಾಸ್ಟಿಯನ್ ಕಸೂತಿಯ ಉಡುಪು ತೊಟ್ಟು ಒಂದೇ ಒಂದು ಬಾಣವನ್ನು ಬೆರಳಲ್ಲಿ ಹಗುರವಾಗಿ ಹಿಡಿದು ನಿಂತಿದ್ದಾನೆ. ಇನ್ನೊಂದು ಬಗೆಯ ಸೆಬಾಸ್ಟಿಯನನ ವಿಷಯವನ್ನು ಇಟಲಿಯ ಕಲಾವಿದರ ಚರಿತ್ರೆಕಾರ ವಸಾರಿ ಬರೆದಿಟ್ಟಿದ್ದಾನೆ. ಫ್ರಾ ಬಾರ್ತೊಲೊಮೆಯೊ ಎಂಬ ಸನ್ಯಾಸಿ ಚಿತ್ರಕಾರ ಫ್ಲಾರೆನ್ಸಿನ ಸಾನ್ ಮಾರ್ಕೊದಲ್ಲಿ ಬರೆದ ಬರಿಮೈಯ ಸಂತನನ್ನು ಕಂಡು ಮನಸ್ಸು ಚಂಚಲವಾಯಿತೆಂದು ಹೆಂಗಸರು ಪಾಪನಿವೇದನೆಯಲ್ಲಿ ಹೇಳತೊಡಗಿದರಂತೆ. ಗುರುಗಳು ಚಿತ್ರವನ್ನು ದೇವಾಲಯದಿಂದ ತೆಗೆದರು. ನೋಡುವವನು ಗಂಡು, ನೋಡಿಸಿಕೊಳ್ಳುವವಳು ಹೆಣ್ಣು ಎಂಬ ಸರಳ ಲೆಕ್ಕ ಅಂದೂ ಸರಿಹೋಗುತ್ತಿರಲಿಲ್ಲ. 1563ರ ಡಿಸೆಂಬರಿನಲ್ಲಿ ಕಥೋಲಿಕ ಧರ್ಮಸಭೆಯ ಟ್ರೆಂಟ್ ಮಹಾಸಭೆ ಧಾರ್ಮಿಕ ಚಿತ್ರಗಳಲ್ಲಿ ಕಾಮೋದ್ರೇಕದ ಸೊಬಗು ಕೂಡದೆಂದು ವಿಧಿಸಿತು. ಅದರ ಬೆನ್ನಿಗೇ ಮೈಕೆಲಾಂಜೆಲೊನ 'ಅಂತಿಮ ತೀರ್ಪಿ'ನ ಬೆತ್ತಲೆ ಮೈಗಳಿಗೆ ಬಟ್ಟೆ ಬಳಿಸಿದರು.

ಗಂಡಿನ ರೂಪದಲ್ಲಿ ಬಂದ ಇನ್ನೊಂದು ಬದಲಾವಣೆ ಮರಿಯಳ ಗಂಡ ಜೋಸೆಫನದು. ಹಳೆಯ ಚಿತ್ರಗಳಲ್ಲಿ ಮೂಲೆಯಲ್ಲಿ ತೂಕಡಿಸುವ ಮುದುಕನಾಗಿದ್ದ ಅವನು ಹದಿನೇಳನೆಯ ಶತಮಾನಕ್ಕೆ ಬರುವಾಗ ಚಿತ್ರದ ನಡುವಿಗೆ ಬಂದ. ಗುಯಿದೊ ರೇನಿಯ ಜೋಸೆಫ್ ಮಗುವನ್ನು ಎರಡೂ ತೋಳಲ್ಲಿ ಎತ್ತಿಕೊಂಡು ಮೈಮರೆತಿದ್ದಾನೆ. ಮಗುವನ್ನು ಎತ್ತಿ ಆಡಿಸುವುದು ಗಂಡಸಿಗೆ ಕುಂದಲ್ಲ ಎಂದು ಆ ಚಿತ್ರ ನಮ್ಮ ಕಾಲಕ್ಕೂ ಹೇಳುತ್ತಿದೆ.

ಕೊನೆಯ ವಿಷಯಕ್ಕೆ ಬಂದಿದ್ದೇನೆ. ಚಿತ್ರ ಬರೆಯುವ ಕೈ ಯಾರದು?

ಪ್ಲೌತಿಲ್ಲ ನೆಲ್ಲಿ ಫ್ಲಾರೆನ್ಸಿನ ದೊಮಿನಿಕನ್ ಮಠದ ಸನ್ಯಾಸಿನಿ. 1524ರಲ್ಲಿ ಹುಟ್ಟಿ 1588ರಲ್ಲಿ ತೀರಿಕೊಂಡಳು. ಗಂಡಸರಂತೆ ಎದುರಿಗೆ ಮಾದರಿ ಇಟ್ಟುಕೊಂಡು ಕಲಿಯುವ ಅವಕಾಶ ಇದ್ದಿದ್ದರೆ ಅವಳು ಅದ್ಭುತಗಳನ್ನು ಮಾಡುತ್ತಿದ್ದಳು ಎಂದು ವಸಾರಿ ಬರೆದ. ಅಂಥ ಅಡ್ಡಿಯ ನಡುವೆಯೂ ಅವಳು ಸುಮಾರು ಏಳು ಮೀಟರ್ ಉದ್ದದ 'ಕೊನೆಯ ಭೋಜನ'ವನ್ನು ತನ್ನ ಮಠದ ಊಟದ ಕೋಣೆಗಾಗಿ ಬರೆದಳು. ಅದು ದುರಸ್ತಿಯಾಗಿ ಸಾರ್ವಜನಿಕರ ನೋಟಕ್ಕೆ ಬಂದದ್ದು 2019ರಲ್ಲಿ. ಬೊಲೊಞದ ಲವೀನಿಯ ಫೊಂತಾನ ಹನ್ನೊಂದು ಮಕ್ಕಳ ತಾಯಿ; ಅವಳ ಗಂಡ ಅವಳ ಕೆಲಸಕ್ಕೆ ನೆರವಾಗಿ ನಿಂತ. ದೇವಾಲಯಗಳ ದೊಡ್ಡ ಪೀಠಚಿತ್ರಗಳ ಕೆಲಸ ಅವಳಿಗೆ ಸಿಗುತ್ತಿತ್ತು.

ಆರ್ತೆಮಿಸಿಯ ಜೆಂತಿಲೆಸ್ಕಿ 1593ರಲ್ಲಿ ರೋಮಿನಲ್ಲಿ ಹುಟ್ಟಿದಳು. ತಂದೆಯ ಜೊತೆ ಕೆಲಸ ಮಾಡುತ್ತಿದ್ದ ಚಿತ್ರಕಾರ ತಾಸ್ಸಿ ಅವಳ ಮೇಲೆ ಅತ್ಯಾಚಾರ ಎಸಗಿದ. 1612ರ ವಿಚಾರಣೆಯಲ್ಲಿ ಅವಳ ಮಾತು ನಿಜವೇ ಎಂದು ತಿಳಿಯಲು ಅವಳ ಬೆರಳುಗಳಿಗೇ ಹುರಿ ಬಿಗಿದು ಹಿಂಸಿಸಿದರು. ಅವಳು ಮಾತು ಬದಲಿಸಲಿಲ್ಲ. ಬೈಬಲಿನ ಯೂದಿತ್ ಶತ್ರು ಸೇನಾನಿಯ ತಲೆ ಕಡಿಯುವ ದೃಶ್ಯವನ್ನು ಕಾರವಾಜ್ಜೊ ಬರೆದಾಗ ಯೂದಿತ್ ಹಿಂಜರಿದು ದೂರ ನಿಂತಿದ್ದಾಳೆ, ಮುದಿ ಸೇವಕಿ ಬದಿಯಲ್ಲಿ ಕಾಯುತ್ತಿದ್ದಾಳೆ. ಆರ್ತೆಮಿಸಿಯಳ ಚಿತ್ರದಲ್ಲಿ ಸೇವಕಿಯೂ ತರುಣಿ. ಇಬ್ಬರು ಹೆಂಗಸರೂ ತೋಳಬಲವನ್ನೆಲ್ಲ ಹಾಕಿ ಒಟ್ಟಿಗೆ ದುಡಿಯುತ್ತಿದ್ದಾರೆ. ಅದನ್ನು ಬರಿಯ ಸೇಡೆಂದು ಓದಿದರೆ ಅವಳ ವಿದ್ಯೆಯನ್ನು ಕಿರಿದು ಮಾಡಿದಂತೆ. 1616ರಲ್ಲಿ ಫ್ಲಾರೆನ್ಸಿನ ಚಿತ್ರಕಲಾ ಅಕಾಡೆಮಿ ಅವಳನ್ನು ಸದಸ್ಯೆಯಾಗಿ ಸೇರಿಸಿಕೊಂಡದ್ದು ಆ ವಿದ್ಯೆಗಾಗಿ.

ಇದೇ ಪ್ರಶ್ನೆಯನ್ನು ತುಳುನಾಡಿನ ಮುಂದಿಟ್ಟರೆ, ದೈವವನ್ನು ಹೊರುವ ಮೈ ಯಾರದು ಎಂದು ಕೇಳಬೇಕು. ಪುತ್ತೂರು ಜಾತ್ರೆಗೆ ಬಲ್ನಾಡಿನಿಂದ ಉಳ್ಳಾಲ್ತಿ ಎಂಬ ಹೆಣ್ಣು ದೈವದ ಕಿರುವಾಳು ಮೆರವಣಿಗೆ ಬರುವ ರಾತ್ರಿ ಊರಿಗೂರೇ ಮಲ್ಲಿಗೆ ಹಿಡಿದು ಕಾಯುತ್ತದೆ. ನೇಮದಲ್ಲಿ ಹೆಣ್ಣು ದೈವವನ್ನು ಮೈಯಲ್ಲಿ ಹೊರುವವನು ಗಂಡಸು. ಜುಮಾದಿ ದೈವದ ರೂಪದಲ್ಲಿ ಮೀಸೆಯೂ ಇದೆ, ಸ್ತನವೂ ಇದೆ. ನಾಗಮಂಡಲದ ಆರಾಧನೆಯಲ್ಲಿ ವೈದ್ಯರೆಂಬ ನರ್ತಕರು ಅರ್ಧನಾರಿಯ ವೇಷದಲ್ಲಿ ಕುಣಿಯುತ್ತಾರೆ. ಯಕ್ಷಗಾನದ ಸ್ತ್ರೀವೇಷಕ್ಕೆ ಕೋಳ್ಯೂರು ರಾಮಚಂದ್ರ ರಾಯರಂಥವರು ಘನತೆ ತಂದರು. ಸಿರಿ ಜಾತ್ರೆಯಲ್ಲಿ ಮಾತ್ರ ಹೆಂಗಸರೇ ಸಿರಿ ಎಂಬ ಹೆಣ್ಣು ದೈವದ ಆವೇಶಕ್ಕೆ ಮೈಯೊಡ್ಡುತ್ತಾರೆ. ಇಟಲಿಯ ಪ್ರತಿಮೆಯೊಂದರಿಂದಲೂ ಇಂಥ ಬೆರಕೆಯ ರೂಪ ಹುಟ್ಟಿತು. ಲುಕ್ಕಾ ನಗರದಲ್ಲಿ ನಿಲುವಂಗಿ ತೊಟ್ಟ ಶಿಲುಬೆಯ ಯೇಸುವಿನ ಮರದ ಪ್ರತಿಮೆಯೊಂದಿದೆ. ಅದರ ಪ್ರತಿಗಳು ಉತ್ತರದ ದೇಶಗಳಿಗೆ ಹೋದಾಗ, ಆ ಉದ್ದನೆಯ ಉಡುಪನ್ನು ಕಂಡ ಜನ ಅದನ್ನು ಗಡ್ಡ ಬಂದ ಹೆಣ್ಣೆಂದುಕೊಂಡರು. ಬೇಡದ ಮದುವೆಯಿಂದ ಪಾರಾಗಲು ಗಡ್ಡ ಬೇಡಿ ಪಡೆದ ವಿಲ್ಗೆಫೋರ್ಟಿಸ್ ಎಂಬ ಸಂತಳ ಕಥೆ ಹಾಗೆ ಬೆಳೆಯಿತೆಂಬುದು ವಿದ್ವಾಂಸರ ವಿವರಣೆ. ಸಂಸಾರದಲ್ಲಿ ಹೆಣ್ಣು ಗಂಡಿಗೆ ಗೆರೆ ಎಳೆಯುವ ಸಮಾಜಗಳೇ ದೇವರ ಎದುರಿನಲ್ಲಿ ಆ ಗೆರೆಯನ್ನು ಅಳಿಸುತ್ತವೆ. ಆದರೆ ದೇವರ ಎದುರು ಅಳಿಸಿದ ಗೆರೆ ಅಂಗಳಕ್ಕೆ ಇಳಿದೊಡನೆ ಮತ್ತೆ ಮೂಡುತ್ತದೆ. ಹೆಣ್ಣು ದೈವಕ್ಕೆ ಕೈಮುಗಿಯುವ ಊರು ಹೆಣ್ಣಿನ ಮಾತಿಗೆ ಎಷ್ಟು ಕಿವಿಗೊಡುತ್ತದೆ ಎಂಬುದನ್ನು ನಾವೇ ಕೇಳಿಕೊಳ್ಳಬೇಕು.

ಸಹೃದಯರೇ, ನನ್ನ ಮಾತನ್ನು ಮುಗಿಸುತ್ತೇನೆ. ಮಾತೆ, ಕನ್ಯೆ, ತರುಣ ಈ ಮೂರೂ ರೂಪಗಳನ್ನು ಅಧಿಕಾರದಲ್ಲಿದ್ದವರು ಪಾಠಕ್ಕಾಗಿ ಬರೆಸಿದರು. ಬಸುರಿ ಹೆಂಗಸು, ಮದುವೆ ಬೇಡವೆಂದ ಹುಡುಗಿ, ಯುದ್ಧ ಬೇಡವೆಂದ ಹುಡುಗ ಅವುಗಳಲ್ಲಿ ತಮಗೆ ಬೇಕಾದುದನ್ನು ಕಂಡುಕೊಂಡರು. ಚಿತ್ರವನ್ನು ಹೀಗೆ ಓದಲು ಕಲಿತವರು ಅದನ್ನು ಕುರುಡಾಗಿ ಒಪ್ಪುವುದೂ ಇಲ್ಲ, ದುಡುಕಿ ಹಳಿಯುವುದೂ ಇಲ್ಲ.

ಅಧ್ಯಾಪಕರಲ್ಲಿ ನನ್ನದೊಂದು ವಿನಂತಿ. ನಿಮ್ಮ ವಿದ್ಯಾರ್ಥಿಗಳನ್ನು ಒಮ್ಮೆ ಮಂಗಳೂರಿನ ಆ ಪ್ರಾರ್ಥನಾಲಯಕ್ಕೆ ಕರೆದುಕೊಂಡು ಹೋಗಿ. 1990ರ ದಶಕದ ಆರಂಭದಲ್ಲಿ ಪರಂಪರೆ ಸಂರಕ್ಷಣಾ ಸಂಸ್ಥೆ ಇಂಟ್ಯಾಕ್‌ನ ತಜ್ಞರು ಕಾಪಾಡಿ ಉಳಿಸಿದ ಆ ಚಿತ್ರಗಳ ಮುಂದೆ ಅವರನ್ನು ಸಾಕಷ್ಟು ಹೊತ್ತು ನಿಲ್ಲಿಸಿ. ಹಾಗೆಯೇ ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ದೈವಸ್ಥಾನ, ದೇವಸ್ಥಾನ, ಬಸದಿ, ಇಗರ್ಜಿಗಳಲ್ಲಿರುವ ಮೊಗ, ಪ್ರತಿಮೆ, ಚಿತ್ರಗಳನ್ನು ಹಿರಿಯರ ಅನುಮತಿ ಪಡೆದು, ಅಲ್ಲಿನ ಹೆಂಗಸರ ಮಾತುಗಳೊಂದಿಗೆ ವಿದ್ಯಾರ್ಥಿಗಳು ದಾಖಲಿಸುವಂತೆ ಮಾಡಿ. ಈ ದತ್ತಿಯ ಮುಂದಿನ ಉಪನ್ಯಾಸಗಳಲ್ಲೊಂದನ್ನು ಅಂಥ ದಾಖಲೆಯ ಆಧಾರದ ಮೇಲೆ ನಮ್ಮ ಹೆಣ್ಣುಮಗಳೊಬ್ಬಳು ನೀಡಬೇಕೆಂಬುದು ನನ್ನ ಆಸೆ.